ಮಾವಶಿಯ ಬದಲಿಗೆ ಬಂದ ಯಂತ್ರಗಳು

ನಮ್ಮ ಆಸ್ಪತ್ರೆಗೆ ಬಂದ ಹೊಸ ಯಂತ್ರ ಸುಮ್ಮನೆ ತನ್ನ ಕೆಲಸ ಮಾಡಿಕೊಂಡು ಹೋದದ್ದನ್ನು ನಾನಿನ್ನೂ ಕಂಡಿಲ್ಲ. ಬೈಲಹೊಂಗಲದ ಈ ಖಾಸಗಿ ಆಸ್ಪತ್ರೆಯಲ್ಲಿ ನಾನು ಮೇಟ್ರನ್; ಇಲ್ಲಿಯವರ ಬಾಯಲ್ಲಿ 'ಬಾಯಾರು'. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ನಮಗೆ ಸಾಲು, ಮೌನ ಮತ್ತು ಸಮಯ ಪಾಲನೆ ಕಲಿಸಿದ್ದರು. ನಾನು ಅದನ್ನು ಇಂದಿಗೂ ಬಿಟ್ಟಿಲ್ಲ. ಹಾಗಾಗಿ ಯಂತ್ರಗಳು ಬರುತ್ತವೆಂದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳು ನಾನೇ.

೧. ಕೂಗುವ ಕೆಲಸ

ಡಾಕ್ಟರ ಬಾಗಿಲಲ್ಲಿ ನಿಂತು ರೋಗಿಗಳನ್ನು ಒಳಗೆ ಕರೆಯುವುದು ನಮ್ಮ ಆಯಾಳ ಕೆಲಸ. ಅವಳನ್ನು ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ಅವಳ ದನಿ ಬೀದಿಯ ಆ ಕಡೆಯ ಚಹಾದಂಗಡಿಗೂ ಕೇಳುತ್ತದೆ. ಬರೀ ಹೆಸರು ಕೂಗಿದರೆ ಸರಿ. ಅವಳು, "ಸಂಪಗಾಂವದ ಮೂಲವ್ಯಾಧಿ ಕಾಕಾ, ಒಳಗ ಬರ್ರಿ" ಎನ್ನುತ್ತಿದ್ದಳು.

ರೋಗದ ಹೆಸರನ್ನು ಹಾಗೆ ಹೇಳಬಾರದೆಂದು ನಾನು ಗದರಿದೆ. ಅವಳು ತಕ್ಷಣ ಒಪ್ಪಿಕೊಂಡಳು. ಮರುವಾರ ಅದೇ ಕಾಕಾ ಬಂದಾಗ ಕೂಗಿದಳು: "ಸಂಪಗಾಂವದ ಕಾಕಾ, ನಿಮ್ಮ ಬ್ಯಾನಿ ಹೆಸರು ಹೇಳಬ್ಯಾಡ ಅಂದಾರ ಬಾಯಾರು. ಸುಮ್ನ ಒಳಗ ಬರ್ರಿ."

೨. ಪಾಳಿಯ ಚೀಟಿ

ಡಾಕ್ಟರು ಟೋಕನ್ ಯಂತ್ರ ತರಿಸಿದರು. ಚೀಟಿ ಕೊಡುವುದು, ನಂಬರು ಕೂಗುವುದು, ರೋಗಿಯ ವಿವರವನ್ನು ಒಳಗಿನ ಕಂಪ್ಯೂಟರಿಗೆ ಕಳಿಸುವುದು ಎಲ್ಲ ಅದರದೇ. ಇದು ಸರಿಹೋದರೆ ಮಾವಶಿಯನ್ನು ಕೆಲಸದಿಂದ ಬಿಡಿಸುವುದೆಂದೂ ಹೇಳಿದರು. ಅಂದು ಅವಳು ಯಾರನ್ನೂ ಕೂಗಲಿಲ್ಲ; ಹತ್ತಿರ ಹೋಗಿ ಮೆಲ್ಲಗೆ ಕರೆದಳು. ನಾನು ಕೇಳಿಕೊಂಡಿದ್ದೂ ಅದನ್ನೇ. ಆದರೂ ಹಿತವೆನಿಸಲಿಲ್ಲ.

ಯಂತ್ರ ಮಾಡಿದವರಿಗೆ ನಮ್ಮ ಜನ ಗೊತ್ತಿರಲಿಲ್ಲ. ಮನೋಳಿಯ ವಯಸ್ಸಾದ ಮುತ್ಯಾ ಒಬ್ಬರು ಪಕ್ಕದಲ್ಲಿ ಕುಳಿತ ಬಸುರಿ ಹೆಂಗಸಿಗೆ, "ನೀ ಮೊದಲ ಹೋಗವ್ವಾ" ಎಂದು ತಮ್ಮ ಚೀಟಿ ಕೊಟ್ಟು ಅವಳ ಚೀಟಿ ತಾವಿಟ್ಟುಕೊಂಡರು. ಆ ನಂಬರು ಬಂದಾಗ ಒಳಗೆ ಹೋದರು. ಹೊಸ ನರ್ಸು ಕಂಪ್ಯೂಟರಿನಲ್ಲಿ ಬಂದ ಆ ಬಸುರಿಯ ವಿವರದಿಂದ ಕಣ್ಣು ತೆಗೆಯದೆ, ಎಷ್ಟು ತಿಂಗಳಾಯಿತು ಎಂದು ಕೇಳಿದಳು. ಗಂಡಸಿನ ದನಿ ಕೇಳಿ, ಜೊತೆಗೆ ಬಂದ ಮಾವನಿರಬೇಕೆಂದುಕೊಂಡಳಂತೆ.

"ಎಂಟು ಆತವ್ವಾ."

"ಹೊಟ್ಟ್ಯಾಗ ಮಿಸುಕಾಡತದೇನ್ರಿ?"

"ಉಂಡ ಮ್ಯಾಲ ಜಾಸ್ತಿ."

ಮುಂದಿನ ತಿಂಗಳು ಹೆರಿಗೆಗೆ ಬನ್ನಿರೆಂದು ಚೀಟಿ ಕೊಟ್ಟು ಕಳಿಸಿದಳು. ಮುತ್ಯಾ ಅದನ್ನು ಹಿಡಿದು ನನ್ನ ಬಳಿ ಬಂದರು. "ಹೆರಿಗಿ ಮುಂದಿನ ತಿಂಗಳ ನೋಡೂಣ್ರಿ ಬಾಯಾರ, ಈಗ ಈ ಗ್ಯಾಸಿಗೆ ಏನರ ಕೊಡ್ರಿ."

೩. ಗುರುತು ಸಿಗಲಿಲ್ಲ

ಯಂತ್ರ ಕ್ರಮೇಣ ಸುಧಾರಿಸುತ್ತದೆ, ತಿಂಗಳ ಕೊನೆಗೆ ಮಾವಶಿಯನ್ನು ಬಿಡಿಸೋಣ ಎಂದರು ಡಾಕ್ಟರು. ಅಷ್ಟರಲ್ಲಿ ಮುಖ ನೋಡಿ ಹಾಜರಿ ಹಾಕುವ ಇನ್ನೊಂದು ಯಂತ್ರ ಬಂತು. ಅದಕ್ಕೆ ನನ್ನ ಮುಖ ಪರಿಚಯ ಮಾಡಿಸುವಾಗ ಮಾವಶಿ ಹಿಂದೆ ನಿಂತಿದ್ದಳು.

"ಹಂಗ ಕಣ್ಣ ಬಿಡಬ್ಯಾಡ್ರಿ ಬಾಯಾರ. ಇವತ್ತ ಕೆಲಸಕ್ಕ ಬಂದೈತಿ, ಓಡಿ ಹೋದೀತು."

ನಾನು ನಕ್ಕುಬಿಟ್ಟೆ. ಯಂತ್ರ ಆ ನಗುಮುಖವನ್ನೇ ನೆನಪಿಟ್ಟುಕೊಂಡಿತು.

ಮರುದಿನ ಹೊತ್ತಿಗೆ ಸರಿಯಾಗಿ ಬಂದು ಅದರ ಮುಂದೆ ನಿಂತೆ. ಗುರುತು ಸಿಗಲಿಲ್ಲ ಎಂದಿತು. ಕನ್ನಡಕ ತೆಗೆದು ನಿಂತೆ, ಹಾಕಿಕೊಂಡು ನಿಂತೆ. ನಗಲು ಪ್ರಯತ್ನಿಸಿದೆ; ಹಲ್ಲುನೋವಿನವರ ಹಾಗೆ ಕಂಡಿರಬೇಕು, ಒಪ್ಪಲಿಲ್ಲ. ಸರಿಪಡಿಸುತ್ತೇನೆಂದ ಯಂತ್ರದವನು ಇಂದಿಗೂ ಬಂದಿಲ್ಲ. ಎಂದೂ ತಪ್ಪಿಸದ ನನಗೆ ದಿನವೂ ಗೈರುಹಾಜರಿ ಬೀಳತೊಡಗಿತು. ಕೊನೆಗೊಂದು ಬೆಳಿಗ್ಗೆ ಮಾವಶಿ ಪಕ್ಕಕ್ಕೆ ಬಂದು ನನ್ನ ಕಿವಿಯಲ್ಲಿ ಹೇಳಿದಳು: "ಮನೋಳಿ ಮುತ್ಯಾಗ ದಿನ ತುಂಬ್ಯಾವಂತ್ರಿ."

ನಕ್ಕುಬಿಟ್ಟೆ. ಹಾಜರಿ ಬಿತ್ತು.

ತಿಂಗಳ ಕೊನೆಗೆ ಡಾಕ್ಟರು ಮಾವಶಿಯ ಮಾತೆತ್ತಿದರು. ಅವಳು ಹೋದ ದಿನದಿಂದ ಯಂತ್ರದ ಪ್ರಕಾರ ಈ ಆಸ್ಪತ್ರೆಗೆ ಮೇಟ್ರನ್ನೇ ಇರುವುದಿಲ್ಲ ಎಂದೆ. ಹಾಗಾದರೆ ಅವಳು ಇರಲಿ ಎಂದರು. ಈಗ ಅವಳಿಗೆ ಕೂಗುವ ಕೆಲಸ ಮತ್ತೆ ಸಿಕ್ಕಿದೆ. ದಿನಾ ಬೆಳಿಗ್ಗೆ ನಾನು ಗೇಟಿನಲ್ಲಿ ಕಾಣಿಸಿದ ಕೂಡಲೇ ಚಹಾದಂಗಡಿಯವರೆಗೆ ಕೇಳುವಂತೆ ಕೂಗುತ್ತಾಳೆ:

"ದಾರಿ ಬಿಡ್ರಿ, ಬಾಯಾರು ನಗೂ ಹೊತ್ತಾತು."