ರತ್ನಾಬಾಯಿಯವರ ಬಾಯಿ ಬಾವಿಯಾದ ಬಗ್ಗೆ ಮನವಿ

ಇಂದ,
ಅಂಬರಾಯ, ಸುಲೇಪೇಟ,
ವಿದ್ಯಾರ್ಥಿ, ಸದ್ಯ ತಮ್ಮಲ್ಲಿ ಸಂಬಳವಿಲ್ಲದ ಉಮೇದವಾರ.

ಗೆ,
ಮಡಿವಾಳಯ್ಯನವರು,
ಯಜಮಾನರು, ಕಾಗಿಣಾ ಗ್ರಂಥಮಾಲೆ, ಚಿತ್ತಾಪುರ.
(ಒಳಕೋಣೆ, ಒಳಗಿನಿಂದ ಚಿಲಕ ಹಾಕಿದೆ.)

ವಿಷಯ: ವಜಾ ಆದೇಶವನ್ನು ಕವಿಪತ್ನಿಯವರು ಎದ್ದು ಹೋಗುವವರೆಗೆ ತಡೆಹಿಡಿಯುವ ಕುರಿತು.

ಉಲ್ಲೇಖ: ಈ ಮುಂಜಾನೆ ತಾವು ಬಾಗಿಲ ಸಂದಿಯಿಂದ ಕೂಗಿ ಹೇಳಿದ ಆದೇಶ.

ಮಾನ್ಯರೇ,

ಈ ಅರ್ಜಿದಾರನು ಪುಸ್ತಕ ಮಾಡುವ ಕೆಲಸ ಕಲಿಯಲೆಂದು ತಮ್ಮಲ್ಲಿ ಸೇರಿದವನು. ಕಸ ಗುಡಿಸುವುದು, ಕವಿಗಳಿಗೆ ಚಹಾ ತರುವುದು, ಅವರು ಓದುವಾಗ ಎಚ್ಚರವಾಗಿರುವುದು, ಎಲ್ಲವನ್ನೂ ನಿಷ್ಠೆಯಿಂದ ಮಾಡಿರುತ್ತಾನೆ.

೧. ಬಂದ ಹೊಸದರಲ್ಲಿ ಅರ್ಜಿದಾರನು "ಬಾಯಿಗಿ ಹೋಗಿ ನೀರ ತರ್ತೀನ್ರಿ" ಎಂದಾಗ ತಾವು ಹೌಹಾರಿದಿರಿ. ತೆಲುಗಿನ ಒಡನಾಟದಿಂದ ಚಿಂಚೋಳಿಯ ಅಂಚಿನ ಅರ್ಜಿದಾರನ ಊರ ಕಡೆ ನೀರು ಸೇದುವ ಬಾವಿಗೂ ಬಾಯಿ ಎನ್ನುವುದೇ ರೂಢಿ. "ತಮ್ಮಾ, ಪುಸ್ತಕದಾಗ ನಿಮ್ಮೂರ ಮಾತು ನಡ್ಯಂಗಿಲ್ಲ. ಬಾಯಿ ಕಂಡಲ್ಲಿ ಬಾವಿ ಮಾಡು" ಎಂದು ತಾವೇ ಅಪ್ಪಣೆ ಕೊಡಿಸಿದಿರಿ.

೨. ಕಾರಣ, ರಾವೂರಿನ ಕವಿ ಅಮೃತಪ್ಪನವರ 'ನಮ್ಮ ಮನೆಯ ಬಾಯಿ' ಎಂಬ ಕವನವಿದ್ದ ಪುಸ್ತಕ ಅಚ್ಚಿಗೆ ಮುನ್ನ ತಿದ್ದಲು ಕೈಗೆ ಬಂದಾಗ ಅರ್ಜಿದಾರನು ಸದರಿ ಅಪ್ಪಣೆಯನ್ನು ಚಾಚೂ ತಪ್ಪದೆ ಪಾಲಿಸಿದನು. ಅಚ್ಚಾಗಿ ಬಂದದ್ದು ಹೀಗೆ:

ನಮ್ಮ ಮನೆಯ ಬಾವಿ ಎಂದೂ ಬತ್ತದು,
ಹಗಲೂ ಇರುಳೂ ಉಕ್ಕುತಲೇ ಇರುವುದು,
ಇಡೀ ಕೇರಿಗೆ ಸಾಕಾಗುವುದು!

೩. ಕವಿಗಳು ಬರೆದದ್ದು ಪತ್ನಿ ರತ್ನಾಬಾಯಿಯವರ ಮಾತಿನ ಬಾಯಿಯನ್ನು ಎಂದು ಅರ್ಜಿದಾರನಿಗೆ ಹೇಗೆ ಗೊತ್ತಾಗಬೇಕು? ಅವನಿಗಿನ್ನೂ ಮದುವೆಯಾಗಿಲ್ಲ. ಅರ್ಪಣೆಯ ಪುಟದಲ್ಲಿ ಆಕೆಯ ಹೆಸರು 'ರತ್ನಾಬಾವಿ' ಎಂದಾದುದನ್ನು ಮಾತ್ರ ತಲೆತಗ್ಗಿಸಿ ಒಪ್ಪಿಕೊಳ್ಳುತ್ತಾನೆ.

೪. ಕವಿಗಳು ಕೆಂಡವಾಗಿ ಬಂದು, "'ಬಾವಿ' ಎಂಬಲ್ಲಿ 'ಬಾಯಿ' ಎಂದು ಓದಿಕೊಳ್ಳಿ" ಎಂಬ ಚೀಟಿಯನ್ನು ಪ್ರತಿ ಪುಸ್ತಕಕ್ಕೂ ಅಂಟಿಸಬೇಕು, ಆಮೇಲೆ ಅಂಟಿಸಿದವನನ್ನು ಹೊರಗೆ ಹಾಕಬೇಕು ಎಂದರು. ತಾವು ಒಪ್ಪಿದಿರಿ. ಆದ್ದರಿಂದ ಅರ್ಜಿದಾರನು ಇನ್ನು ಸುಲೇಪೇಟದ ಸೋದರಮಾವನ ಬೆಲ್ಲದಂಗಡಿಯಲ್ಲಿ ನೊಣ ಹೊಡೆಯುತ್ತ ಕೂರಬೇಕು. ನೆನೆದರೆ ಅಳು ಬರುತ್ತದೆ. ಹಸಿ ಶಾಯಿಯ ವಾಸನೆ ಅವನಿಗೆ ಅಷ್ಟು ಹಿಡಿಸಿಬಿಟ್ಟಿದೆ.

೫. ಅಷ್ಟರಲ್ಲಿ ಅಕ್ಷರ ಬಾರದ ರತ್ನಾಬಾಯಿಯವರು ತಾವೇ ಬಂದು, ಅರ್ಜಿದಾರನಿಂದ ಅರ್ಪಣೆಯನ್ನೂ ಕವನವನ್ನೂ ಓದಿಸಿ ಕೇಳಿದರು. ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಲಗ್ನಾಗಿ ಇಷ್ಟು ವರ್ಷಾತು, ಒಂದ್ ಚೆಂದನ ಮಾತ ಆಡಿದಾಂವಲ್ಲ ನಮ್ಮ ಮನ್ಯಾಂವ. ನನಗ ಬತ್ತದ ಬಾವಿ ಅಂದಾನಲ್ಲ, ಒಳಗ ಇಷ್ಟ್ ಮಾಯಾ ಇಟಗೊಂಡಿದ್ದನೇನ್ ತಮ್ಮಾ? ಇದಕ ಯಾರೋ ಚೀಟಿ ಹಚ್ಚಾಕತ್ತಾರಂತಲ್ಲ. ಬರ್ಲಿ ಅಂವ, ನೋಡ್ತೀನಿ!"

ಹೀಗೆಂದು ಪುಸ್ತಕದ ಗಂಟಿನ ಮೇಲೆ ಕುಳಿತವರು ಇನ್ನೂ ಎದ್ದಿಲ್ಲ. ಮಾತೂ ನಿಂತಿಲ್ಲ. ಕವಿಗಳು ತಮ್ಮೊಂದಿಗೇ ಒಳಕೋಣೆಯಲ್ಲಿದ್ದಾರೆಂಬುದನ್ನು ಅರ್ಜಿದಾರನು ಆಕೆಗೆ ಸದ್ಯಕ್ಕೆ ತಿಳಿಸಿರುವುದಿಲ್ಲ.

ಆದ್ದರಿಂದ, ಚೀಟಿಯ ಅರ್ಥವನ್ನು ರತ್ನಾಬಾಯಿಯವರಿಗೆ ಓದಿ ಹೇಳುವ ಕೆಲಸವನ್ನು ಕವಿಗಳಿಗೇ ವಹಿಸಬೇಕು. ಅದು ನಡೆದ ಮರುಕ್ಷಣ ಅರ್ಜಿದಾರನು ತಾನಾಗಿ ಹೊರಟುಹೋಗುತ್ತಾನೆ. ಅಲ್ಲಿಯವರೆಗೆ ಅವನನ್ನು ಕೆಲಸದಲ್ಲಿ ಇರಿಸಿಕೊಳ್ಳಬೇಕೆಂದು ವಿನಂತಿ.

ತಮ್ಮ ವಿಶ್ವಾಸಿ,
ಬಾಗಿಲು ತೆರೆದರೆ ಇನ್ನೂ ಹೆಚ್ಚಿನ ವಿಶ್ವಾಸಿ,
ಅಂಬರಾಯ
ಖುರ್ದಾದ ತಿಂಗಳು, ಫಸಲಿ ೧೩೫೨

ಲಗತ್ತು:
೧. ಅಂಟಿಸದ ಚೀಟಿಗಳ ಕಟ್ಟು.
೨. ಅಂಟಿನ ಬಟ್ಟಲು, ಕವಿಗಳ ಉಪಯೋಗಕ್ಕೆ.

ಕಡೆಯ ಕೋರಿಕೆ: ಒಳಗೆ ಯಾರಿಗಾದರೂ ಬಾವಾರಿಕೆಯಾದರೆ ಕೂಗಬೇಕು. ನೀರು ತರಲು ಅರ್ಜಿದಾರನು ಸಿದ್ಧನಿದ್ದಾನೆ.