ಮರಳಿಲ್ಲದ ಸಮುದ್ರ

ಮೂಡಿಗೆರೆಯಲ್ಲಿ ಗಾಜು, ಕನ್ನಡಿಯ ಅಂಗಡಿ ಇಟ್ಟವನಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ಕನ್ನಡಿ ಕೊಳ್ಳಲು ಬಂದವರು, ಫೋಟೋಗೆ ಕಟ್ಟು ಹಾಕಿಸಲು ಬಂದವರು, ಎಲ್ಲರೂ ಒಂದೊಂದನ್ನು ಬಿಟ್ಟೇ ಹೋಗುತ್ತಾರೆ. ಆದರೆ ಎಂಬತ್ತರ ದಶಕದ ಶುರುವಿನಲ್ಲಿ ಒಂದು ವರ್ಷ ನಾನೇ ಊರಿಗೆಲ್ಲ ನಗೆಪಾಟಲಾದೆ. ಒಂದು ಗಾಜಿನ ತೊಟ್ಟಿಯ ತಳಕ್ಕೆ ಏನು ಹಾಸಬೇಕು ಎಂಬ ಪ್ರಶ್ನೆ ಅದಕ್ಕೆ ಕಾರಣ.

ನನ್ನ ಹೆಂಡತಿ ಮಂಗಳೂರು ಬಂದರಿನ ಕಡೆಯವಳು. ಘಾಟಿ ಹತ್ತಿ ಬಂದ ಮೇಲೆ ಯಾವುದಕ್ಕೂ ದೂರಿದವಳಲ್ಲ. ಒಮ್ಮೆ ಮಾತ್ರ ಹಿತ್ತಲಲ್ಲಿ ಬಟ್ಟೆ ಹರವುತ್ತಾ, "ಇಲ್ಲಿ ಯಾವ ಕಡೆ ನೋಡಿದ್ರೂ ಗುಡ್ಡ. ಕಣ್ಣು ದೂರ ಹೋಗಿ ಕೂತ್ಕೊಳ್ಳೋಕೆ ಜಾಗವೇ ಇಲ್ಲ" ಅಂದಳು. ತವರಿಗೆ ವಾರಕ್ಕೆಂದು ಹೋದರೆ ತಿಂಗಳಾಗುತ್ತಿತ್ತು. ಕರೆತರಲು ಹೋದಾಗಲೆಲ್ಲ ಕಡಲ ದಂಡೆಯಲ್ಲೇ ಸಿಗುತ್ತಿದ್ದಳು. ಒಂದು ಸಲ ಬರುವುದೇ ಇಲ್ಲ ಅಂದರೆ ಎಂದು ನನಗೆ ಒಳಗೊಳಗೇ ಹೆದರಿಕೆ.

ಗಾಜಿನ ಕೆಲಸದವನು ಬೇರೇನು ಮಾಡಿಯಾನು? ಅಂಗಡಿಯ ಹಿಂದಿನ ಕೋಣೆಯಲ್ಲಿ, ಬರೀ ಚೌಕಟ್ಟಿನ ಕಬ್ಬಿಣದ ಸ್ಟ್ಯಾಂಡಿನ ಮೇಲೆ, ದೊಡ್ಡದೊಂದು ತೊಟ್ಟಿ ಕಟ್ಟಿದೆ. ಅವಳ ಅಣ್ಣ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿ ಹಡಗಿನಲ್ಲಿ ಕೆಲಸಕ್ಕಿದ್ದ. ಹವಳದ ಕಲ್ಲುಗಳನ್ನೂ ಬಂಡೆಸಂದಿಯ ಪಟ್ಟೆ ಮೀನುಗಳನ್ನೂ ಅವನು ಕೊಟ್ಟ. ಸಮುದ್ರದ ನೀರು ಮೀನಿನ ಲಾರಿಯಲ್ಲಿ ಕ್ಯಾನುಗಟ್ಟಲೆ ಬಂತು.

೧. ಮರಳು

ತಳಕ್ಕೆ ಕಡಲ ಮರಳನ್ನೇ ದಪ್ಪಗೆ ಹಾಸಿದೆ. ತಿಂಗಳೊಳಗೆ ಅದು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಹೊಡೆಯಿತು. ಪಕ್ಕದ ಮನೆಯವರು ತಮ್ಮ ಅಟ್ಟದಲ್ಲಿ ಇಲಿ ಸತ್ತಿದೆಯೆಂದು ಹುಡುಕತೊಡಗಿದರು. ನಿಜ ಹೇಳಲು ನಾಚಿಕೆಯಾಗಿ, ಎರಡು ದಿನ ನಾನೂ ಏಣಿ ಹತ್ತಿ ಅವರ ಜೊತೆ ಇಲಿ ಹುಡುಕಿದೆ. "ಈ ಕಾಲದಲ್ಲಿ ಇಂಥ ನೆರೆಯವರು ಸಿಗೋದು ಕಷ್ಟ" ಎಂದು ಅವರು ಕಾಫಿ ಬೇರೆ ಕೊಟ್ಟರು.

೨. ಕನ್ನಡಿ

"ಇಷ್ಟು ಸಣ್ಣ ತೊಟ್ಟಿಗೆ ಮರಳು ಬೇಡ ಭಾವ. ಕಸ ಅದರೊಳಗೆ ಇಳಿದು ಕೊಳೀತದೆ" ಎಂದ ಅವಳ ಅಣ್ಣ. ಮರಳು ತೆಗೆದೆ. ಈಗ ಮೀನುಗಳಿಗೆ ಕೆಳಗಿನ ಗಾಜಿನಲ್ಲಿ ನಮ್ಮ ಕೋಣೆಯ ನೆಲ ಕಾಣುತ್ತಿತ್ತು. ಹೆದರಿ ಕಲ್ಲಿನ ಹಿಂದೆ ಸೇರಿಕೊಂಡವು, ಹೊರಗೇ ಬರಲಿಲ್ಲ.

"ಪಾಪ, ಅವಕ್ಕೂ ಕಾಲೂರೋಕೆ ನೆಲ ಇಲ್ಲ" ಅಂದಳು ಹೆಂಡತಿ. ಮೀನಿಗೆ ಕಾಲೆಲ್ಲಿದೆ ಎಂದು ನಾನು ಕೇಳಲಿಲ್ಲ. ಆ ಮಾತು ಮೀನಿನದಲ್ಲ ಎಂಬುದು ನನಗೆ ಗೊತ್ತಿತ್ತು.

ತೊಟ್ಟಿಯ ಅಡಿಗೆ ಹೊರಗಿನಿಂದ ಒಂದು ಕನ್ನಡಿ ತೂರಿಸಿದೆ. ಎಲ್ಲಕ್ಕಿಂತ ದೊಡ್ಡ ಮೀನು ಅದರಲ್ಲಿ ತನ್ನನ್ನೇ ಕಂಡು, ಬೇರೆ ಯಾವನೋ ಬಂದನೆಂದು ದಿನವಿಡೀ ತಳಕ್ಕೆ ಮೂತಿ ಗುದ್ದಿತು. ನನ್ನ ಅಂಗಡಿಯ ಕನ್ನಡಿ ನೋಡಿ ಮುಖ ಸಿಂಡರಿಸಿದ ಗಿರಾಕಿಗಳು ಬಹಳ ಮಂದಿ. ಹೊಡೆದಾಟಕ್ಕೇ ನಿಂತದ್ದು ಇವನೊಬ್ಬನೇ.

೩. ಪಾರ್ಚ್‌ಮೆಂಟ್

ಕನ್ನಡಿ ತೆಗೆದುಹಾಕಿದೆ. ಸುದ್ದಿ ಆಲ್ದೂರಿನವರೆಗೂ ಹೋಯಿತು. ಅಲ್ಲಿನ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರು ಡಬ್ಬಿಯೊಂದನ್ನು ಹಿಡಿದು ಬಂದರು. ಒಳಗೆ ಪಾರ್ಚ್‌ಮೆಂಟ್ ಕಾಫಿ, ಸಿಪ್ಪೆಯೊಳಗಿನ ಒಣಬೀಜ.

"ಇದನ್ನ ಹಾಸಿ ಸಾಬ್ರೆ. ಹೊಂಬಣ್ಣ. ಮರಳಿನ ಅಪ್ಪ. ನಮ್ಮ ತೋಟದ ಮೊದಲನೇ ದರ್ಜೆ ಮಾಲು. ಒಂದು ಕಾಳೂ ತೇಲಲ್ಲ."

ತೊಟ್ಟಿಗೆ ಬೇಡ, ಮೊದಲು ಬಕೆಟ್ಟಿನಲ್ಲಿ ನೋಡೋಣ ಎಂದು ಸುರಿದೆವು. ಅರ್ಧಕ್ಕರ್ಧ ಮೇಲೆ ಬಂದು ತೇಲಿತು. ಜೊಳ್ಳು. ರೈಟರು ಬಕೆಟ್ಟಿಗೆ ಬಗ್ಗಿದರು. ಆಮೇಲೆ ತೇಲಿದ್ದನ್ನೆಲ್ಲ ಬೊಗಸೆಯಲ್ಲಿ ಬಾಚಿ ಡಬ್ಬಿಗೆ ತುಂಬಿಕೊಂಡು, ತಗ್ಗಿದ ದನಿಯಲ್ಲಿ, "ನಾನು ಇಲ್ಲಿಗೆ ಬಂದಿದ್ದು ನಮ್ಮ ಸಾಹುಕಾರ್ರಿಗೆ ಗೊತ್ತಾಗೋದು ಬೇಡ ಮಾರಾಯ್ರೆ" ಎಂದರು.

೪. ಬಣ್ಣ

ಕೊನೆಗೆ ದಾರಿ ತೋರಿಸಿದವರು ನಮ್ಮ ಎದುರಿನ ಬೋರ್ಡ್ ಬರೆಯುವ ಪೇಂಟರು. "ಗಾಜಿನ ಹೊರಮೈಗೆ, ಕೆಳಗಡೆಯಿಂದ ಬಣ್ಣ ಹೊಡೆದುಬಿಡ್ತೀನಿ. ನೀರಿಗೂ ತಾಗಲ್ಲ, ಕೊಳೆಯೋದೂ ಇಲ್ಲ. ಆದರೆ ಸಾಬ್ರೆ, ನಾನು ಸಮುದ್ರ ಕಂಡವನಲ್ಲ."

"ನಾನು ಹೇಳ್ತೀನಿ, ನೀವು ಬರೀರಿ" ಅಂದಳು ಹೆಂಡತಿ.

ಮೂರು ಮಧ್ಯಾಹ್ನ ಪೇಂಟರು ಸ್ಟ್ಯಾಂಡಿನ ಕೆಳಗೆ ಅಂಗಾತ ಮಲಗಿ ಬರೆದರು. ಅವಳು ಪಕ್ಕದಲ್ಲಿ ನೆಲಕ್ಕೆ ಕೂತು ಹೇಳಿದಳು. ಬಂಡೆಗೆ ಕಚ್ಚಿಕೊಂಡ ಪಚ್ಚಿಲೆ ಚಿಪ್ಪು, ಮುಳುಗು ಹಾಕಿ ಕಣ್ಣು ಬಿಟ್ಟರೆ ಮೇಲೆ ಕಾಣುವ ದೋಣಿಯ ಹೊಟ್ಟೆ, ಅವಳ ಅಪ್ಪ ಕಳೆದುಕೊಂಡ ಲಂಗರು. ಗೋಡೆಯಾಚೆ ಗಾಜು ಕೊಯ್ಯುತ್ತಿದ್ದ ನಾನು ಕೈ ನಿಲ್ಲಿಸಿ ಕೇಳುತ್ತಿದ್ದೆ. ಮದುವೆಯಾದ ನಾಲ್ಕು ವರ್ಷದಲ್ಲಿ ಅವಳು ನನ್ನ ಹತ್ತಿರ ಅಷ್ಟು ಮಾತಾಡಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಮುಗಿದ ದಿನ ಮೂವರೂ ಮೇಲಿನಿಂದ ಬಗ್ಗಿ ನೋಡಿದೆವು. ಬರೀ ನೀಲಿ. ಪಚ್ಚಿಲೆಯಿಲ್ಲ, ದೋಣಿಯಿಲ್ಲ, ಲಂಗರಿಲ್ಲ. ಪೇಂಟರು ಮೊದಲು ನೀಲಿ ಬಳಿದು, ಅದು ಒಣಗಿದ ಮೇಲೆ ಅದರ ಮೇಲೆ ಚಿತ್ರ ಬರೆದಿದ್ದರು. ಅದೆಲ್ಲ ಕಾಣುವುದು ಕೆಳಗೆ ಮಲಗಿದವರಿಗೆ ಮಾತ್ರ.

"ಬೋರ್ಡಿಗೆ ಮೊದಲು ಬಣ್ಣ, ಆಮೇಲೆ ಬರಹ" ಪೇಂಟರ ದನಿ ಇಳಿದುಹೋಗಿತ್ತು. "ಅಭ್ಯಾಸಬಲ. ಕೆರೆದು ಮತ್ತೆ ಬರೀತೀನಿ ತಾಯಿ."

ಅಷ್ಟರಲ್ಲಿ ಮೀನುಗಳು ಒಂದೊಂದಾಗಿ ಕಲ್ಲಿನ ಹಿಂದಿನಿಂದ ಹೊರಬಂದು ನೀಲಿಯ ಮೇಲೆ ನಿರಾಳವಾಗಿ ಸುತ್ತತೊಡಗಿದವು. "ಕೆರೀಬೇಡಿ" ಎಂದ ಹೆಂಡತಿ ಸೆರಗು ಸುತ್ತಿಕೊಂಡು ಸ್ಟ್ಯಾಂಡಿನ ಕೆಳಗೆ ಮಲಗಿದಳು. ಎಷ್ಟು ಹೊತ್ತಾದರೂ ಏಳಲಿಲ್ಲ. ಅಳುತ್ತಿದ್ದಾಳೋ ಏನೋ ಎಂದು ನಾನೂ ತೂರಿಕೊಂಡು ಪಕ್ಕದಲ್ಲಿ ಮಲಗಿದೆ. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. "ಅಲ್ನೋಡಿ, ನಮ್ಮಪ್ಪನ ಲಂಗರು" ಎಂದು ಬೆರಳು ತೋರಿಸಿದಳು.

ಆಗಲೇ ಅವಳ ಅಣ್ಣ ನೀರಿನ ಕ್ಯಾನು ಹೊತ್ತು ಬಂದ. ನಾಲ್ಕು ಕಾಲು ಹೊರಚಾಚಿದ್ದನ್ನು ಕಂಡು, "ತೊಟ್ಟಿ ಸೋರ್ತಿದೆಯಾ ಭಾವ?" ಅಂದ. "ಸೋರ್ತಿಲ್ಲ. ಬಾ ಅಣ್ಣ, ನೋಡು" ಅಂದಳು. ಅವನೂ ಬಂದು ಮಲಗಿದ. ಮೂವರೂ ಮೇಲೆ ನೋಡುತ್ತಿದ್ದೆವು.

ಹೊರಗೆ ಯಾರೋ ಗಿರಾಕಿ ಕೂಗಿ ಕೂಗಿ, ಕೊನೆಗೆ ಹಿಂದಿನ ಕೋಣೆಗೆ ಇಣುಕಿದರು. ಸಾಲಾಗಿ ಆರು ಕಾಲು.

"ಇವ್ರಿಗೆಲ್ಲ ಏನಾಯ್ತು?" ಎಂದು ಪೇಂಟರನ್ನು ಕೇಳಿದರು.

ಪೇಂಟರು ಕುಂಚ ಒರೆಸುತ್ತಾ ಹೇಳಿದರು: "ಮಂಗಳೂರಿಗೆ ಹೋಗಿದ್ದಾರೆ. ಕೂತ್ಕೊಳ್ಳಿ, ಈಗ ಬರ್ತಾರೆ."