ಹರಿಹರಕ್ಕೆ ಹೋಗಿ ನಾನು ಲೀಸ್ ಮುಂದುವರಿಸಿದ ಬಗೆ

ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರು ದಾವಣಗೆರೆಯಲ್ಲಿಲ್ಲ ಎಂದು ನಾನು ಬಹಳ ವರ್ಷಗಳಿಂದ ನಂಬಿಕೊಂಡಿದ್ದೆ. ಸೂತ್ರ ಸರಳ. ಬೇಕಾದ ವಸ್ತುವನ್ನು ಮೊದಲು ಚೆನ್ನಾಗಿ ಹಳಿಯಬೇಕು. ಬದನೆಕಾಯಿ ಬಾಡಿದೆ ಎನ್ನಬೇಕು, ಸೀರೆಯ ಬಣ್ಣ ಬಿಡುತ್ತದೆ ಎನ್ನಬೇಕು. ಬೆಲೆ ತಾನಾಗಿ ಇಳಿಯುತ್ತದೆ. ಈ ವಿದ್ಯೆಯನ್ನು ಮನೆಯ ಲೀಸಿಗೂ ಪ್ರಯೋಗಿಸಬಹುದು ಎಂದು ನನಗೆ ಹೊಳೆಯಬಾರದಿತ್ತು. ಹೊಳೆಯಿತು!

ನಾವಿರುವುದು ಎಂ.ಸಿ.ಸಿ. ಬಿ ಬ್ಲಾಕಿನ ಒಂದು ಫ್ಲಾಟಿನಲ್ಲಿ. ಒಂದೇ ಸಲಕ್ಕೆ ದೊಡ್ಡ ಮೊತ್ತ ಕೊಟ್ಟು, ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಅದನ್ನು ವಾಪಸ್ ಪಡೆಯುವ ಲೀಸು. ಆ ಮೂರು ವರ್ಷ ಮುಗಿಯುತ್ತಾ ಬಂದಿತ್ತು. ನನ್ನ ಹೆಂಡತಿ ಶೈಲಾ ಮುಂದಿನ ಕೋಣೆಯಲ್ಲಿ ಮಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾಳೆ. ಸುತ್ತಲಿನ ನಾಲ್ಕು ರಸ್ತೆಯ ಹೆಂಗಸರು ಅವಳ ಗಿರಾಕಿಗಳು. ಮನೆ ಬದಲಾದರೆ ಅಷ್ಟೂ ಗಿರಾಕಿಗಳು ಕೈತಪ್ಪಿ, ಮತ್ತೆ ಮೊದಲಿನಿಂದ ಶುರು ಮಾಡಬೇಕು. ಆ ಚಿಂತೆಯಲ್ಲಿ ಅವಳಿಗೆ ಊಟ ಸೇರುತ್ತಿರಲಿಲ್ಲ.

"ಓನರ್‌ಗೆ ಒಂದು ಫೋನ್ ಮಾಡ್ರಿ. ಇನ್ನ ಮೂರು ವರ್ಷ ಇರ್ತೀವಿ ಅಂದ್ರೆ ಆತು," ಎಂದಳು.

"ಹಂಗೆ ಕೇಳಿದ್ರೆ ಮೊತ್ತ ಏರಿಸ್ತಾರೆ. ನೀ ಸುಮ್ನಿರು, ನಾ ನೋಡ್ಕೊಂತೀನಿ."

"ಏನಾರ ಮಾಡ್ರಿ. ಮನೆ ಮಾತ್ರ ಉಳೀಬೇಕು."

ಭಾನುವಾರ ಇಸ್ತ್ರಿ ಅಂಗಿ ಧರಿಸಿ, ಸ್ಕೂಟರ್ ಏರಿ ಹರಿಹರಕ್ಕೆ ದಂಡಯಾತ್ರೆ ಹೊರಟೆ. ಓನರ್ ಚನ್ನಬಸಪ್ಪನವರು ಕಾಳಿನ ವ್ಯಾಪಾರ ಮಾಡಿ ನಿವೃತ್ತರಾದವರು, ಬಹಳ ಮೃದು ಮನಸ್ಸಿನ ಹಿರಿಯರು. "ಬರ್ರಿ, ಕೂಡ್ರಿ," ಎಂದರು. ಅವರ ಪತ್ನಿ ಗಿರಿಜಮ್ಮ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟರು.

"ಮನೆ ಹೆಂಗೈತ್ರಿ?" ಎಂದು ಚನ್ನಬಸಪ್ಪನವರು ಕೇಳಿದ್ದೇ ತಡ, ನಾನು ಶುರು ಹಚ್ಚಿಕೊಂಡೆ.

"ಏನ್ ಹೇಳ್ಲಿ ಯಜಮಾನ್ರೆ. ಬಚ್ಚಲ ಗೋಡೆ ಸದಾ ತೇವ. ಅಡಿಗೆಮನೆ ಕಿಟಕಿ ಮುಚ್ಚಂಗಿಲ್ಲ. ಹಗಲೊತ್ತೂ ಲೈಟ್ ಹಾಕ್ಬೇಕು."

ಬಚ್ಚಲ ಗೋಡೆ ಖಟಖಟ ಒಣಗಿತ್ತು. ಕಿಟಕಿ ಒಂದು ಬೆರಳಿಗೆ ಮುಚ್ಚುತ್ತಿತ್ತು. ಬೆಳಕು ಹೆಚ್ಚಾಯಿತೆಂದು ನಾವೇ ಪರದೆ ಹಾಕಿಸಿದ್ದೆವು. ಆದರೂ ಹೇಳಿದೆ. ಹೇಳುತ್ತಾ ಹೋದಂತೆ ಚನ್ನಬಸಪ್ಪನವರ ಮುಖ ಸಣ್ಣದಾಯಿತು. ಬೆಲೆ ಇಳಿಯುತ್ತಿದೆ ಎಂದು ನಾನು ಒಳಗೊಳಗೇ ಹಿಗ್ಗಿ ಇನ್ನೊಂದು ಮೆಣಸಿನಕಾಯಿ ತೆಗೆದುಕೊಂಡೆ.

"ಅಯ್ಯೋ ಪಾಪ," ಎಂದರು ಅವರು, ಕಣ್ಣು ಒದ್ದೆ ಮಾಡಿಕೊಂಡು. "ಇಂಥ ಮನೆಯಾಗ ಮೂರು ವರ್ಷ ನಿಮ್ಮನ್ನ ಇಟ್ಟಿದ್ನಲ್ರಿ. ಇನ್ನ ಒಂದು ತಿಂಗಳೂ ಬ್ಯಾಡ. ನಿಮ್ಮ ದುಡ್ಡು ಪೂರಾ ವಾಪಸ್ ಕೊಡ್ತೀನಿ. ನಿಟ್ಟುವಳ್ಳಿಯಾಗ ನನ್ನ ಷಡ್ಡಕಂದು ಮನೆ ಖಾಲಿ ಐತೆ, ಈಗ್ಲೇ ಹೇಳ್ತೀನಿ ತಡೀರಿ."

ಫೋನ್ ಕೈಗೆತ್ತಿಕೊಂಡರು. ನನ್ನ ಗಂಟಲಲ್ಲಿ ಮೆಣಸಿನಕಾಯಿ ನಿಂತಿತು.

"ಬ್ಯಾಡ್ರಿ ಯಜಮಾನ್ರೆ," ಎಂದು ಕೆಮ್ಮುತ್ತಲೇ ವರಸೆ ಬದಲಿಸಿದೆ. "ಮನೆ ಹಂಗೇನು ಕೆಟ್ಟದ್ದಲ್ಲ. ಗಾಳಿ ಎಂಥಾದ್ದು ಅಂತೀರಿ, ಫ್ಯಾನೇ ಬ್ಯಾಡ. ಆಸ್ಪತ್ರೆ ಹತ್ರ, ತರಕಾರಿ ಹತ್ರ. ಅಕ್ಕಪಕ್ಕ ದೇವರಂಥ ಜನ. ವಯಸ್ಸಾದೋರಿಗಂತೂ ಅದು ಸ್ವರ್ಗ."

ಆ ಕೊನೆಯ ವಾಕ್ಯ ಹೇಳೆಂದು ನನ್ನನ್ನು ಯಾರೂ ಕೇಳಿರಲಿಲ್ಲ.

"ಮತ್ತೆ ಬಚ್ಚಲು ತೇವ ಅಂದ್ರಿ?"

"ಆರೈತ್ರಿ."

ಚನ್ನಬಸಪ್ಪನವರ ಮುಖ ಅರಳಿತು. "ಗಿರಿಜಾ, ಕೇಳಿದ್ಯಾ? ಮಂಡಿನೋವಿಗೆ ದಾವಣಗೆರೆಗೆ ಓಡಾಡಿ ಸಾಕಾತು ಅಂತಿದ್ದೆಲ್ಲ. ನಾವೇ ಹೋಗಿ ಆ ಮನೆಯಾಗ ಇದ್ರೆ ಹೆಂಗೆ?"

ಹೀಗೆ ಒಂದು ತಟ್ಟೆ ಮಂಡಕ್ಕಿ ಮುಗಿಯುವುದರೊಳಗೆ ನಾನು ಒಂದೇ ಮನೆಯನ್ನು ಎರಡು ಸಲ ಕಳೆದುಕೊಂಡಿದ್ದೆ.

ಊರಿಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ಶೈಲಾ ಬೈಯಲಿಲ್ಲ. ಮಷಿನ್ ಮುಂದೆ ಕೂತಳು, ತುಳಿಯಲಿಲ್ಲ. ಅರ್ಧ ಹೊಲಿದ ಬ್ಲೌಸನ್ನು ಸುಮ್ಮನೆ ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನನ್ನ ಜಾಣತನದ ಮೇಲೆ ನನಗೆ ಮೊದಲ ಸಲ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಅವಳೇ ಬಸ್ಸು ಹತ್ತಿ ಹರಿಹರಕ್ಕೆ ಹೋದಳು. ಸೂತ್ರ ಗೀತ್ರ ಏನೂ ಇಲ್ಲ. "ಮನೆ ಚಲೋ ಐತ್ರಿ. ನನ್ನ ಗಿರಾಕಿಗಳೆಲ್ಲ ಅಲ್ಲೇ ಅದಾರೆ, ಅದಕ್ಕ ಬೇಕ್ರಿ. ಆದ್ರೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ಅಮ್ಮಾರ ಮಂಡಿಗೆ ಆಗಂಗಿಲ್ಲ," ಎಂದಳಂತೆ.

"ನಾನೂ ನಿನ್ನೆಯಿಂದ ಇವರಿಗೆ ಅದನ್ನೇ ಹೇಳಾಕತ್ತೀನಿ," ಎಂದರಂತೆ ಗಿರಿಜಮ್ಮ.

ಅಷ್ಟೇ. ಅದೇ ಮೊತ್ತಕ್ಕೆ ಇನ್ನೂ ಮೂರು ವರ್ಷ!

ವಾರದ ನಂತರ ಚನ್ನಬಸಪ್ಪನವರು ಕರಾರುಪತ್ರ ಹಿಡಿದು ಮನೆಗೆ ಬಂದರು. ಮೊದಲು ಬಚ್ಚಲಿಗೆ ಹೋಗಿ ಗೋಡೆ ಮುಟ್ಟಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಕೂತು ಪತ್ರ ಬಿಚ್ಚಿದರು. ಲೀಸುದಾರರ ಜಾಗದಲ್ಲಿ ಹಿಂದೆ ಇದ್ದದ್ದು ನನ್ನ ಹೆಸರು. ಈಗ ಶೈಲಾಳ ಹೆಸರಿತ್ತು.

"ನಾನೆಲ್ಲಿ ಸೈನ್ ಮಾಡ್ಲಿ ಯಜಮಾನ್ರೆ?" ಎಂದು ಕೇಳಿದೆ.

"ನೀವು ಸಾಕ್ಷಿ ಹಾಕ್ರಿ. ಮಾತು ಬ್ಯಾಡ, ಸೈನ್ ಸಾಕು."

ಹಾಕಿದೆ. ಅದರ ಕೆಳಗೆ ಸಾಕ್ಷಿಯ ವಿಳಾಸಕ್ಕೊಂದು ಖಾಲಿ ಗೆರೆ ಇತ್ತು. ಏನು ಬರೆಯಲಿ ಎಂದು ತಲೆ ಎತ್ತಿದೆ.

"ಕೇರಾಫ್ ಶೈಲಾ ಅಂತ ಬರೀರಿ," ಎಂದರು ಚನ್ನಬಸಪ್ಪನವರು.

ಚೌಕಾಸಿ ಮಾಡದೆ ಬರೆದೆ.